ಐದು ತಾಸು ಪುಸ್ತಕ ಹಿಡಿದು ಕೂರುತ್ತಾನೆ, ಅಂಕ ಮಾತ್ರ ಬರುತ್ತಿಲ್ಲ

ಹೊಸನಗರದ ಅಮ್ಮ
ನವೆಂಬರ್ 16, ರಾತ್ರಿ 9.50

ಮಗ ಹತ್ತನೇ ಕ್ಲಾಸು, ಕನ್ನಡ ಮೀಡಿಯಂ. ದಸರಾ ರಜೆಗೆ ಮುಂಚಿನ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ 80ಕ್ಕೆ 29 ಬಂದಿದೆ. ಗಣಿತಕ್ಕೆ 33. ಓದುವುದಿಲ್ಲ ಅಂತ ಬೈಯೋಣ ಅಂದರೆ ಹುಡುಗ ಓದುತ್ತಾನೆ! ಅದೇ ನನ್ನ ತಲೆಬಿಸಿ. ಸಂಜೆ ಬಸ್ಸಿಳಿದು ಮನೆ ಸೇರುವಾಗ ಐದೂವರೆ. ಕಾಫಿ ಕುಡಿದು ಆರಕ್ಕೆ ಕೂತರೆ ಹನ್ನೊಂದರವರೆಗೂ ಕೂರುತ್ತಾನೆ. ಊಟಕ್ಕೆ ಮಾತ್ರ ಏಳುವುದು. ಮೊಬೈಲ್ ಕಾಟವೂ ಇಲ್ಲ. ನಮ್ಮಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಅಂಗಳದ ಮೂಲೆಗೆ ಹೋಗಿ ನಿಲ್ಲಬೇಕು.

ಟೆಕ್ಸ್ಟ್ ಬುಕ್ ತೆರೆದರೆ ಹೋಳಿ ಹಬ್ಬ. ಹಳದಿ, ಗುಲಾಬಿ, ಹಸಿರು. ಬಣ್ಣ ಬೀಳದ ಸಾಲೇ ಇಲ್ಲ. ಪ್ರತಿ ಪಾಠ ನಾಲ್ಕು ಸಲ ಓದಿದ್ದೇನೆ ಅನ್ನುತ್ತಾನೆ. ಸುಳ್ಳಲ್ಲ, ಗಟ್ಟಿಯಾಗಿ ಓದುವ ಅಭ್ಯಾಸ ಅವನಿಗೆ, ನಾನೇ ಅಡುಗೆಮನೆಯಿಂದ ಕೇಳಿಸಿಕೊಂಡಿದ್ದೇನೆ. ಕೆಲವು ಸಾಲು ನನಗೇ ಬಾಯಿಗೆ ಬಂದಿದೆ.

ಮನೆಯವರು "ಮಂಡೆಗೆ ಹೋಗ್ತಿಲ್ಲ, ಬಿಡು, ತೋಟ ಇದೆಯಲ್ಲ" ಅಂದರು. ಆ ಮಾತು ಅವನಿಗೂ ಕೇಳಿಸಿತು. ಆವತ್ತಿನಿಂದ ಹನ್ನೊಂದಕ್ಕೆ ಮಲಗುತ್ತಿದ್ದವನು ಹನ್ನೆರಡು ಮಾಡುತ್ತಿದ್ದಾನೆ. ಶಿವಮೊಗ್ಗದ ಟ್ಯೂಷನ್ ದಿನಾ ಹೋಗಿಬರುವ ದೂರವಲ್ಲ. ಏನು ಮಾಡುವುದು ಹೇಳಿ.

ತುಂಗಾ ದಂಡೆ
ನವೆಂಬರ್ 16, ರಾತ್ರಿ 10.15

ರಾತ್ರಿ ಓದು ನಿಲ್ಲಿಸಿ, ಬೆಳಗ್ಗೆ ನಾಲ್ಕಕ್ಕೆ ಎಬ್ಬಿಸಿ. ನಾವೆಲ್ಲ ಹಾಗೇ ಓದಿ ಪಾಸಾದವರು. ಬೆಳಗಿನ ಜಾವ ಓದಿದ್ದು ಕಲ್ಲಿನಲ್ಲಿ ಕೆತ್ತಿದ ಹಾಗೆ.

ಸಾಗರದ ಹಳೇ ಮೇಷ್ಟ್ರು
ನವೆಂಬರ್ 16, ರಾತ್ರಿ 10.40

ತಾಯೀ, ಹೈಸ್ಕೂಲಿನಲ್ಲಿ 31 ವರ್ಷ ವಿಜ್ಞಾನ ಪಾಠ ಮಾಡಿದ್ದೇನೆ. ನೀವು ಹೇಳಿದ ಹುಡುಗ ನನಗೆ ಗೊತ್ತು. ಪ್ರತಿ ಬ್ಯಾಚಿನಲ್ಲೂ ಅಂಥವರು ಐದಾರು ಜನ ಇರುತ್ತಿದ್ದರು. ನೋಟ್ಸ್ ಚಂದ, ಹಾಜರಿ ಪೂರ್ತಿ, ಅಂಕ ಇಲ್ಲ. ಅವರನ್ನು ದಡ್ಡರು ಅಂತ ನಾನೂ ಬಹಳ ವರ್ಷ ತಪ್ಪಾಗಿ ತಿಳಿದಿದ್ದೆ.

ಒಂದೇ ಒಂದು ಪ್ರಶ್ನೆ. ಪುಸ್ತಕ ಮುಚ್ಚಿಸಿ ಕೇಳಿದ್ದೀರಾ? ನಾಳೆ ಅವನು ಚೆನ್ನಾಗಿ ಬರುತ್ತದೆ ಅನ್ನುವ ಪಾಠವನ್ನೇ ಆರಿಸಿ. ಪುಸ್ತಕ ನಿಮ್ಮ ಕೈಯಲ್ಲಿರಲಿ. ಬೈಯಬೇಡಿ, ಸರಿ ಮಾಡಲೂ ಹೋಗಬೇಡಿ, ಸುಮ್ನೆ ಕೇಳಿ. ಎಲ್ಲಿ ನಿಲ್ಲುತ್ತಾನೆ ಅಂತ ನೋಡಿ ಇಲ್ಲಿ ಬರೆಯಿರಿ.

ಮಂಡಿ ರಸ್ತೆ
ನವೆಂಬರ್ 17, ಬೆಳಗ್ಗೆ 7.05

ಈ ಸಲ ಹಸಿ ಅಡಿಕೆ ರೇಟ್ ಎಷ್ಟು ನಡೀತಿದೆ ನಿಮ್ಮ ಕಡೆ? ಇಲ್ಲಿ ಕೇಳಬಾರದು, ಗೊತ್ತು.

ಹೊಸನಗರದ ಅಮ್ಮ
ನವೆಂಬರ್ 17, ರಾತ್ರಿ 10.30

ಮೇಷ್ಟ್ರೇ, ಕೇಳಿದೆ.

ನಮ್ಮಲ್ಲಿ ಈಗ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕಾಲ. ರಾತ್ರಿ ಜಗಲಿಯಲ್ಲಿ ಅಡಿಕೆ ಸುಲಿಯುವ ಕೆಲಸ. ನಾನು ಮೆಟ್ಟುಗತ್ತಿ ಮೇಲೆ ಕೂತಿದ್ದೆ, ಅವನು ಪಕ್ಕದಲ್ಲಿ. ಜೀವಕ್ರಿಯೆಗಳು ಪಾಠ ಪೂರ್ತಿ ಬರುತ್ತದೆ ಅಂದ. ಹೃದಯದ ಬಗ್ಗೆ ಹೇಳು ಅಂದೆ. "ಮಾನವನ ಹೃದಯದಲ್ಲಿ ನಾಲ್ಕು ಕೋಣೆಗಳಿವೆ" ಅಂತ ಪುಸ್ತಕದ ಧಾಟಿಯಲ್ಲೇ ಶುರು ಮಾಡಿದ. ನಾಲ್ಕರ ಹೆಸರೂ ಹೇಳಿದ. ನನಗೆ ಖುಷಿಯಾಯಿತು.

ಆಮೇಲೆ ಕೇಳಿದೆ, "ಸರಿ, ಕಾಲಿನಿಂದ ರಕ್ತ ವಾಪಸ್ ಬಂತು ಅಂತ ಇಟ್ಟುಕೋ. ಮೊದಲು ಯಾವ ಕೋಣೆಗೆ ಹೋಗುತ್ತೆ?" ಬಲ ಹೃತ್ಕರ್ಣ ಅಂದ. ಅಲ್ಲ, ಎಡ ಅಂದ. ಮತ್ತೆ ಬಲ. ಅಲ್ಲಿಂದ? ಬಲ ಹೃತ್ಕುಕ್ಷಿ. ಅಲ್ಲಿಂದ? "ಮೈಗೆಲ್ಲ ಹೋಗುತ್ತೆ" ಅಂದ. ಶ್ವಾಸಕೋಶದ ಸುದ್ದಿಯೇ ಇಲ್ಲ! ನಾನು ಪಿಯುಸಿವರೆಗೆ ಓದಿದವಳು, ನನಗೂ ಮರೆತಿತ್ತು, ಆದರೆ ಪುಸ್ತಕ ನನ್ನ ಮಡಿಲಲ್ಲಿತ್ತಲ್ಲ.

ಪುಸ್ತಕ ಅವನ ಕೈಗೆ ಕೊಟ್ಟೆ. ರಕ್ತ ಶ್ವಾಸಕೋಶಕ್ಕೆ ಹೋಗುವ ಸಾಲಿಗೆ ಹಸಿರು ಬಣ್ಣ ಬಳಿದಿತ್ತು, ಅವನದ್ದೇ ಕೈಯಿಂದ. ಅವನ ಮುಖ ಸಣ್ಣದಾಯಿತು. "ನಾಲ್ಕು ಸಲ ಓದಿದೀನಮ್ಮಾ" ಅಂದ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಸಾಗರದ ಹಳೇ ಮೇಷ್ಟ್ರು
ನವೆಂಬರ್ 17, ರಾತ್ರಿ 10.55

ಮುಖ ಸಣ್ಣದಾದರೆ ಪರವಾಗಿಲ್ಲ. ಎಲ್ಲಿ ಸಿಕ್ಕಿಕೊಂಡಿದ್ದೇನೆ ಅಂತ ಅವನಿಗೆ ಗೊತ್ತಾಯಿತಲ್ಲ, ಅದು ನಾಲ್ಕು ಸಲ ಓದಿದ್ದಕ್ಕಿಂತ ದೊಡ್ಡದು. ನಾಳೆ ಅದನ್ನೇ ಮತ್ತೆ ಕೇಳಿ. ಹೊಸ ಪಾಠ ಬೇಡ.

ಶಂಕರಘಟ್ಟದಲ್ಲಿ ಓದಿದವಳು
ನವೆಂಬರ್ 18, ಮಧ್ಯಾಹ್ನ 1.20

ನಾನು ಬಿ.ಇಡಿ. ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಹಸಿರು ಬಣ್ಣದ ಸಾಲಿನ ಕಥೆ ನಾಳೆ ನನ್ನ ತರಗತಿಗೆ ಹೋಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಮೇಷ್ಟ್ರು ಅನುಭವದಿಂದ ಹೇಳಿದ್ದನ್ನು ಅಳೆದು ನೋಡಿದವರೂ ಇದ್ದಾರೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪುಟ್ಟ ಪಾಠ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದು ಸರದಿ ಓದಿ, ಉಳಿದ ಮೂರು ಸರದಿ ಪಾಠ ನೋಡದೆ ನೆನಪಾದಷ್ಟನ್ನು ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಮಾಡಿದಾಗ ತಿರುಗಾಮುರುಗಾ. ಬರೀ ಓದಿದವರಿಗೆ ನೆನಪಿದ್ದದ್ದು ಸುಮಾರು 40%. ಮುಚ್ಚಿ ಬರೆದವರಿಗೆ ಸುಮಾರು 61%.

ಇದರಲ್ಲಿ ನನಗೆ ಅಂಕಿಗಿಂತ ಜಾಸ್ತಿ ಕಾಡುವುದು ಇನ್ನೊಂದು ವಿಷಯ. ವಾರದ ನಂತರ ನಿಮಗೆ ಎಷ್ಟು ನೆನಪಿರುತ್ತದೆ ಅಂತ ಮೊದಲೇ ಕೇಳಿದ್ದರು. ನಾಲ್ಕು ಸರದಿ ಓದಿದವರಿಗೇ ಧೈರ್ಯ ಜಾಸ್ತಿ ಇತ್ತು! ಓದುತ್ತಾ ಓದುತ್ತಾ ಸಾಲು ಪರಿಚಯದ ಮುಖದ ಹಾಗೆ ಆಗುತ್ತದೆ. ಮುಖ ಗೊತ್ತು, ಹೆಸರು ಕೇಳಿದರೆ ಬಾಯಿ ಕಟ್ಟುತ್ತದೆ. ಸಂತೆಯಲ್ಲಿ ಯಾರನ್ನೋ ನೋಡಿ "ಇವರು ಯಾರಪ್ಪಾ" ಅಂತ ಒದ್ದಾಡುತ್ತೇವಲ್ಲ, ಹಾಗೆ. ನಿಮ್ಮ ಮಗ ಸುಳ್ಳು ಹೇಳಲಿಲ್ಲ. ಅವನಿಗೆ ನಿಜವಾಗಿಯೂ ಬರುತ್ತದೆ ಅನ್ನಿಸಿತ್ತು.

ಬಣ್ಣದ ಪೆನ್ನಿನ ವಿಷಯ ಹೇಳಿಬಿಡುತ್ತೇನೆ. 2013ರಲ್ಲಿ ಡನ್ಲಾಸ್ಕಿ ಮತ್ತು ಜೊತೆಗಾರರು ಓದಿನ ಹತ್ತು ವಿಧಾನಗಳನ್ನು ತೂಗಿ ನೋಡಿದರು. ಗೀಟು ಹಾಕುವುದು, ಮತ್ತೆ ಮತ್ತೆ ಓದುವುದು ಎರಡೂ ಕಡಿಮೆ ಉಪಯೋಗದ ಪಟ್ಟಿಗೆ ಬಿದ್ದವು. ಮೇಲಿನ ಸ್ಥಾನ ಸಿಕ್ಕಿದ್ದು ಎರಡಕ್ಕೇ. ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವುದು, ಮತ್ತು ಓದನ್ನು ದಿನಗಳ ಮೇಲೆ ಹರಡುವುದು.

ಮಂಡಿ ರಸ್ತೆ
ನವೆಂಬರ್ 18, ಸಂಜೆ 6.45

ಅಮೆರಿಕದ ಕಾಲೇಜು ಹುಡುಗರ ಲೆಕ್ಕ ನಮ್ಮ ಹೊಸನಗರದ ಹುಡುಗನಿಗೆ ಯಾಕೆ ಮಾರಾಯ್ರೆ? ನಾವು ಮಗ್ಗಿ ಉರು ಹೊಡೆದೇ ಕಲಿತದ್ದು. ಇವತ್ತಿಗೂ ಹದಿನೇಳೊಂಬತ್ತು ಎಷ್ಟು ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಮೊದಲಿನವರು ಸುಮ್ನೆ ಬಾಯಿಪಾಠ ಮಾಡಿಸುತ್ತಿದ್ದರಾ? ಈಗ ಬಾಯಿಪಾಠ ಅಂದರೆ ಬೈಗುಳ ಆಗಿಬಿಟ್ಟಿದೆ.

ಸಾಗರದ ಹಳೇ ಮೇಷ್ಟ್ರು
ನವೆಂಬರ್ 18, ರಾತ್ರಿ 9.10

ಮಂಡಿ ರಸ್ತೆಯವರೇ, ನೀವು ನನ್ನ ಪಕ್ಷದವರೇ, ಗೊತ್ತಾಗಿಲ್ಲ ಅಷ್ಟೆ.

ಮಗ್ಗಿ ಹೇಗೆ ಕಲಿತಿರಿ ನೆನಪು ಮಾಡಿಕೊಳ್ಳಿ. ಸಂಜೆ ದೀಪ ಹಚ್ಚಿದ ಮೇಲೆ ಸಾಲಾಗಿ ಕೂತು, ಕಣ್ಣು ಮುಚ್ಚಿ ಅಥವಾ ಗೋಡೆ ನೋಡುತ್ತಾ ಹೇಳುತ್ತಿದ್ದೆವು. ಕೈಯಲ್ಲಿ ಪುಸ್ತಕ ಇರಲಿಲ್ಲ. ತಪ್ಪಿದರೆ ಅಜ್ಜ ಅಲ್ಲೇ ತಡೆಯುತ್ತಿದ್ದರು. ನಾಳೆ ಮತ್ತೆ. ನಾಡಿದ್ದು ಮತ್ತೆ. ಅದು ಓದುವುದಲ್ಲ, ಒಪ್ಪಿಸುವುದು. "ಪಾಠ ಒಪ್ಪಿಸು" ಅನ್ನುವ ಮಾತೇ ಇತ್ತಲ್ಲ ನಮ್ಮಲ್ಲಿ! ಆ ಮಾತು ಮನೆಯಿಂದ ಹೋಯಿತು, ಹೈಲೈಟರ್ ಬಂತು.

ಯಕ್ಷಗಾನ ನೋಡಿ. ಬರೆದಿಟ್ಟ ಸಂಭಾಷಣೆ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅದಕ್ಕೆ ಅರ್ಥ ವೇಷಧಾರಿ ಅಲ್ಲೇ ಹೇಳಬೇಕು. ಎದುರಿಗಿದ್ದವನು ವಾದ ಬೇರೆ ದಿಕ್ಕಿಗೆ ಎಳೆದರೆ ಉರು ಹೊಡೆದದ್ದು ಸಾಲುವುದಿಲ್ಲ, ಪ್ರಸಂಗ ಒಳಗೆ ಇಳಿದಿರಬೇಕು. ನಮ್ಮ ಹಿಂದಿನ ಬೆಂಚಿನ ಹುಡುಗನೊಬ್ಬ ಸಮಾಜ ವಿಜ್ಞಾನದಲ್ಲಿ ಫೇಲು, ರಾತ್ರಿ ಆಟದಲ್ಲಿ ಬಾಲಗೋಪಾಲನಿಂದ ಶುರುಮಾಡಿ ಮೂರನೇ ವರ್ಷಕ್ಕೆ ಅಭಿಮನ್ಯು ಮಾಡಿದ. ಅವನ ಮಂಡೆಗೆ ಏನಾಗಿತ್ತು? ಏನೂ ಆಗಿರಲಿಲ್ಲ. ನಾನು ಅವನಿಗೆ ಓದಲು ಹೇಳುತ್ತಿದ್ದೆ, ಮೇಳದವರು ಒಪ್ಪಿಸಲು ಹೇಳುತ್ತಿದ್ದರು.

ಬಾಯಿಪಾಠದಲ್ಲಿ ಒಂದು ಅಪಾಯ ಇದೆ, ಅದನ್ನೂ ಹೇಳಬೇಕು. ನಾಲ್ಕು ಕೋಣೆಯ ಹೆಸರು ಬಂತು, ರಕ್ತದ ದಾರಿ ಬರಲಿಲ್ಲ. ಹೆಸರು ಒಪ್ಪಿಸುವುದರಲ್ಲೇ ನಿಂತರೆ ಅಷ್ಟೇ. ಆ ತಾಯಿ ಕೇಳಿದ "ಅಲ್ಲಿಂದ? ಅಲ್ಲಿಂದ?" ಇದೆಯಲ್ಲ, ಅದು ಬೇಕು.

ಹಿನ್ನೀರಿನಾಚೆ
ನವೆಂಬರ್ 19, ಬೆಳಗ್ಗೆ 6.20

ಎಲ್ಲರ ಮಾತೂ ಓದಿದೆ. ನನಗೆ ಸ್ವಲ್ಪ ಸಿಟ್ಟು ಬಂದಿದೆ, ಕ್ಷಮಿಸಿ.

ನಾನು ಶರಾವತಿ ಹಿನ್ನೀರಿನ ಆಚೆ ದಡದಲ್ಲಿ ಬೆಳೆದವಳು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆಯಿತು, ನೀರು ನಿಂತಿತು, ನಮ್ಮವರು ದ್ವೀಪದವರಾದರು. ಸಾಗರದ ಕಡೆ ಬರಬೇಕಾದರೆ ಲಾಂಚ್. ಕೊನೆ ಲಾಂಚ್ ತಪ್ಪಿದರೆ ಆವತ್ತು ಮನೆಯಿಲ್ಲ. ಸಿಗಂದೂರು ಸೇತುವೆ ಆದದ್ದು 2025ರ ಜುಲೈನಲ್ಲಿ. ನಾನು ಓದುವಾಗ ಬೆಳಗ್ಗೆ ಆರೂವರೆಗೆ ಮನೆ ಬಿಟ್ಟರೆ ಸಂಜೆ ಏಳಕ್ಕೆ ವಾಪಸ್. ಬಂದ ಮೇಲೆ ದನ, ನೀರು, ತಮ್ಮ. ಓದಿನ ಅಭ್ಯಾಸ ಅನ್ನುವುದು ಹುಡುಗರ ಗುಣ ಅನ್ನುವ ಹಾಗೆ ಮಾತಾಡುತ್ತೀರಿ. ಅದು ಮನೆಯ ಗುಣ. ಅಣ್ಣನಿಗೆ ಅಭ್ಯಾಸ ಇತ್ತು, ಯಾಕೆಂದರೆ ಅವನಿಗೆ ಸಂಜೆ ಇತ್ತು. ನನಗೆ ಸಂಜೆಯೇ ಇರಲಿಲ್ಲ.

ಈಗ ಕೊನೆ ಕೊಯ್ಲು ಅಂತ ಬರೆದಿದ್ದೀರಿ. ಎಷ್ಟು ಮನೆಯಲ್ಲಿ ಹತ್ತನೇ ಕ್ಲಾಸಿನ ಹುಡುಗಿಯರು ರಾತ್ರಿ ಹತ್ತರವರೆಗೆ ಸುಲಿಯುತ್ತಾರೆ ಗೊತ್ತಾ? ಬೇರೆಯವರ ಮನೆಗೆ ಕೂಲಿಗೆ ಸುಲಿಯಲು ಹೋಗುವವರೂ ಇದ್ದಾರೆ. ಜುಲೈನಲ್ಲಿ ಮಳೆ ರಜೆ, ಗಾಳಿಗೆ ಕರೆಂಟ್ ಹೋದರೆ ಮೂರು ದಿನ. ಕೊಯ್ಲು ಮುಗಿಯುವಾಗ ಜನವರಿ. ಮಾರ್ಚಿಗೆ ಪರೀಕ್ಷೆ. ಇವರಿಗೆ ದಿನಗಳ ಮೇಲೆ ಹರಡಿ ಓದು ಅಂದರೆ, ದಿನ ಎಲ್ಲಿಂದ ತರಬೇಕು?

ಶಂಕರಘಟ್ಟದಲ್ಲಿ ಓದಿದವಳು
ನವೆಂಬರ್ 19, ಬೆಳಗ್ಗೆ 9.00

ಸಿಟ್ಟು ಸರಿಯಾಗಿದೆ. ನನ್ನ ಹತ್ತಿರ ಅದಕ್ಕೆ ಉತ್ತರವಿಲ್ಲ. ಒಂದು ಮಾತು ಮಾತ್ರ. ಐದು ತಾಸು ಇರುವ ಹುಡುಗನಿಗೆ ಈ ವಿಧಾನ ಉಪಕಾರ, ಮುಕ್ಕಾಲು ತಾಸು ಇರುವ ಹುಡುಗಿಗೆ ಇದೇ ಆಸರೆ. ಪುಸ್ತಕ ಮುಚ್ಚಿ ನೆನಪು ಮಾಡಿಕೊಳ್ಳಲು ಮೇಜು ಬೇಡ, ದೀಪ ಬೇಡ. ಲಾಂಚಿನಲ್ಲೂ ಆಗುತ್ತದೆ.

ಹಿನ್ನೀರಿನಾಚೆ
ನವೆಂಬರ್ 19, ಬೆಳಗ್ಗೆ 9.25

ಅದು ನಿಜ. ನಾನು ಹಾಗೇ ಪಾಸಾದೆ, ಹೆಸರು ಗೊತ್ತಿರಲಿಲ್ಲ ಅಷ್ಟೆ. ದನಕ್ಕೆ ಹುಲ್ಲು ಹಾಕುತ್ತಾ ಇತಿಹಾಸ ಹೇಳಿಕೊಳ್ಳುತ್ತಿದ್ದೆ. ನಮ್ಮ ದನ ಗೌರಿಗೆ 1857ರ ದಂಗೆಯ ಕಾರಣಗಳು ಪೂರ್ತಿ ಗೊತ್ತಿದ್ದವು. ಆದರೂ ಮನೆಯವರಿಗೆ ಹೇಳಿ, ಜನವರಿಯಿಂದಾದರೂ ಹುಡುಗಿಯರಿಗೆ ಸುಲಿತ ಬಿಡಿಸಿ ಅಂತ. ದನದ ಮುಂದೆ ಓದಿ ಎಲ್ಲರೂ ಪಾಸಾಗುವುದಿಲ್ಲ.

ಹತ್ತು ಬಿ
ನವೆಂಬರ್ 19, ರಾತ್ರಿ 8.30

ನಾನು ತೀರ್ಥಹಳ್ಳಿ ಕಡೆ, ಈಗ ಹತ್ತನೇ ಕ್ಲಾಸು. ಅಮ್ಮನ ಅಕೌಂಟಿನಿಂದ ಬರೆಯುತ್ತಿದ್ದೇನೆ. ಹೈಲೈಟರ್ ಬಗ್ಗೆ ಎಲ್ಲರೂ ನಗುತ್ತಿದ್ದೀರಿ. ನಾವು ಅದನ್ನು ಯಾಕೆ ಹಾಕುತ್ತೇವೆ ಅಂದರೆ, ಹಾಕಿದಾಗ ಏನೋ ಕೆಲಸ ಆಯಿತು ಅನ್ನಿಸುತ್ತದೆ. ಪುಸ್ತಕ ಮುಚ್ಚಿದರೆ ಏನೂ ಬರುವುದಿಲ್ಲ ಅಂತ ಗೊತ್ತಾಗುತ್ತದೆ, ಭಯ ಆಗುತ್ತದೆ. ಅದಕ್ಕೇ ಮುಚ್ಚುವುದಿಲ್ಲ.

ಮತ್ತೆ ಅಪ್ಪ ಅಮ್ಮ ಬಾಗಿಲ ಹತ್ತಿರ ಬಂದಾಗ ಪುಸ್ತಕ ಮುಚ್ಚಿಕೊಂಡು ಗೋಡೆ ನೋಡುತ್ತಿದ್ದರೆ "ಎಂತ ಕನಸು ಕಾಣ್ತಿದೀಯಾ" ಅಂತ ಬೈಯುತ್ತಾರೆ. ಪುಸ್ತಕ ತೆರೆದಿದ್ದರೆ ಬೈಯುವುದಿಲ್ಲ. ನೀವೇ ಹೇಳಿ ನಾವು ಏನು ಮಾಡಬೇಕು.

ಸಾಗರದ ಹಳೇ ಮೇಷ್ಟ್ರು
ನವೆಂಬರ್ 19, ರಾತ್ರಿ 9.00

ಮಗೂ, 31 ವರ್ಷದಲ್ಲಿ ನನಗೆ ಯಾರೂ ಇಷ್ಟು ನೇರವಾಗಿ ಹೇಳಿರಲಿಲ್ಲ. ನಾನೂ ಗೋಡೆ ನೋಡುವವರನ್ನು ಬೈದವನೇ.

ಹೊಸನಗರದ ಅಮ್ಮ
ನವೆಂಬರ್ 19, ರಾತ್ರಿ 10.40

ನಾನೂ ಬೈದಿದ್ದೇನೆ. ಇನ್ನು ಬೈಯುವುದಿಲ್ಲ.

ಇವತ್ತು ಒಂದು ತಮಾಷೆ ಆಯಿತು, ಕೇಳಿ. ಜಗಲಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಮನೆ ಬರೆದ, ಕುಂಟಾಬಿಲ್ಲೆಗೆ ಬರೆದ ಹಾಗೆ. ಮೊರವನ್ನು ಪಕ್ಕದಲ್ಲಿ ಇಟ್ಟ, ಅದು ಶ್ವಾಸಕೋಶವಂತೆ. ರಾಶಿಯಲ್ಲಿ ಹಸಿರಡಿಕೆ ಜೊತೆ ಹಣ್ಣಡಿಕೆಯೂ ಬಿದ್ದಿರುತ್ತದಲ್ಲ, ಹಸಿರಡಿಕೆ ಅಶುದ್ಧ ರಕ್ತ, ಹಣ್ಣಡಿಕೆ ಶುದ್ಧ ರಕ್ತ ಅಂದ. ಹಸಿರಡಿಕೆಯನ್ನು ಬಲದ ಮೇಲಿನ ಮನೆಗೆ ಉರುಳಿಸಿದ, ಕೆಳಗಿನ ಮನೆಗೆ, ಅಲ್ಲಿಂದ ಮೊರಕ್ಕೆ. ಮೊರದಿಂದ ಹಣ್ಣಡಿಕೆ ಹೊರಗೆ ತೆಗೆದ. ಎಡದ ಮೇಲಿನ ಮನೆ, ಎಡದ ಕೆಳಗಿನ ಮನೆ, ಅಲ್ಲಿಂದ ನನ್ನ ಕಾಲಿನ ಹತ್ತಿರಕ್ಕೆ ಒಂದು ಏಟು. ಮೂರು ಸಲ ಮಾಡಿದ. ಎರಡನೇ ಸಲ ಮೊರ ಮರೆತ, ತಾನೇ ನಾಲಿಗೆ ಕಚ್ಚಿಕೊಂಡು ವಾಪಸ್ ತೆಗೆದ. ಮೂರನೇ ಸಲಕ್ಕೆ ತಪ್ಪಿಲ್ಲ.

ಮನೆಯವರು ಮಾತಾಡಲಿಲ್ಲ. ಆದರೆ ಸುಲಿಯುವುದು ನಿಲ್ಲಿಸಿ ನೋಡುತ್ತಿದ್ದರು.

ಸಾಗರದ ಹಳೇ ಮೇಷ್ಟ್ರು
ನವೆಂಬರ್ 20, ಬೆಳಗ್ಗೆ 6.10

ಭೇಷ್! ಒಂದೇ ತಿದ್ದುಪಡಿ. ಪರೀಕ್ಷೆಯಲ್ಲಿ ಶುದ್ಧ, ಅಶುದ್ಧ ಅಂತ ಬರೆಯುವುದು ಬೇಡ. ಆಮ್ಲಜನಕಯುಕ್ತ, ಆಮ್ಲಜನಕರಹಿತ ಅಂತ ಬರೆಯಲಿ. ಮೌಲ್ಯಮಾಪನಕ್ಕೆ ಕೂತಾಗ ಇಂಥದ್ದಕ್ಕೆ ಅರ್ಧ ಅಂಕ ಕತ್ತರಿಸಿದವನೇ ನಾನು. ನಾಲ್ಕು ದಿನ ಬಿಟ್ಟು ಇದನ್ನೇ ಕಾಗದದ ಮೇಲೆ ಬರೆಯಲು ಹೇಳಿ. ಮರೆಯುವುದಕ್ಕೆ ಸ್ವಲ್ಪ ಸಮಯ ಕೊಡಿ. ಅರೆಬರೆ ಮರೆತ ಮೇಲೆ ಎಳೆದು ತಂದದ್ದೇ ಗಟ್ಟಿ ಕೂರುವುದು.

ಮಂಡಿ ರಸ್ತೆ
ನವೆಂಬರ್ 20, ಬೆಳಗ್ಗೆ 8.00

ಹಾಗಾದರೆ ಇದು ಮಳೆ ಲೆಕ್ಕ. ಒಂದೇ ದಿನ ಬೊಬ್ಬಿರಿದು ಹೊಯ್ದದ್ದು ಹಳ್ಳ ಸೇರುತ್ತದೆ. ದಿನಾ ಜಿಟಿಜಿಟಿ ಬಿದ್ದದ್ದು ತೋಟಕ್ಕೆ ಇಳಿಯುತ್ತದೆ. ಮೊದಲೇ ಹೀಗೆ ಹೇಳಿದ್ದರೆ ಜಗಳವೇ ಆಡುತ್ತಿರಲಿಲ್ಲ.

ರಾತ್ರಿಪಾಳಿ ನರ್ಸ್
ನವೆಂಬರ್ 20, ಮಧ್ಯಾಹ್ನ 3.30

ಶಿವಮೊಗ್ಗದಿಂದ. ತುಂಗಾ ದಂಡೆಯವರು ನಾಲ್ಕಕ್ಕೆ ಎಬ್ಬಿಸಿ ಅಂದಿದ್ದು ನನಗೆ ಗಂಟಲಲ್ಲಿ ಸಿಕ್ಕಿಕೊಂಡಿದೆ. ಹುಡುಗ ಹನ್ನೆರಡಕ್ಕೆ ಮಲಗುತ್ತಾನೆ ಅಂತ ಅಮ್ಮ ಬರೆದಿದ್ದಾರೆ. ನಾಲ್ಕಕ್ಕೆ ಎಬ್ಬಿಸಿದರೆ ನಾಲ್ಕೇ ತಾಸು. 13ರಿಂದ 18 ವರ್ಷದವರಿಗೆ 8ರಿಂದ 10 ತಾಸು ನಿದ್ದೆ ಬೇಕು ಅಂತ ನಿದ್ರಾ ವೈದ್ಯರ ಸಲಹೆ. ಇದು ಸೋಮಾರಿತನದ ಮಾತಲ್ಲ. ಹಗಲು ಕಲಿತದ್ದು ಗಟ್ಟಿಯಾಗುವ ಕೆಲಸದ ದೊಡ್ಡ ಪಾಲು ನಿದ್ದೆಯಲ್ಲೇ ನಡೆಯುವುದು. ಈ ವಯಸ್ಸಿನಲ್ಲಿ ದೇಹದ ಗಡಿಯಾರವೂ ಸ್ವಲ್ಪ ಹಿಂದೆ ಓಡುತ್ತದೆ, ರಾತ್ರಿ ನಿದ್ದೆ ತಡವಾಗಿ ಬರುತ್ತದೆ, ಬೆಳಗ್ಗೆ ಏಳಲು ಕಷ್ಟ. ನೀವು ನಾಲ್ಕಕ್ಕೆ ಎದ್ದು ಓದಿದಿರಿ ನಿಜ. ನೀವು ಎಂಟೂವರೆಗೆ ಮಲಗಿರುತ್ತಿದ್ದಿರಿ, ಅದನ್ನು ಹೇಳಲು ಮರೆತಿರಿ.

ತುಂಗಾ ದಂಡೆ
ನವೆಂಬರ್ 20, ಸಂಜೆ 5.10

ಎಂಟಕ್ಕೆ! ನಮ್ಮೂರಿಗೆ ಕರೆಂಟ್ ಬಂದಿರಲಿಲ್ಲ. ಒಪ್ಪಿದೆ.

ಹತ್ತು ಬಿ
ನವೆಂಬರ್ 21, ರಾತ್ರಿ 8.15

ಗಣಿತಕ್ಕೂ ಮುಚ್ಚಿ ಹೇಳಬೇಕಾ? ನಾನು ಪಾಠದ ಕೊನೆಯ ಲೆಕ್ಕ ಎಲ್ಲಾ ಮಾಡುತ್ತೇನೆ, ಎಲ್ಲಾ ಸರಿ ಬರುತ್ತದೆ. ಪರೀಕ್ಷೆಯಲ್ಲಿ ಅದೇ ಲೆಕ್ಕ ಬಂದರೂ ಯಾವ ಸೂತ್ರ ಅಂತ ಗೊತ್ತಾಗುವುದಿಲ್ಲ.

ಶಂಕರಘಟ್ಟದಲ್ಲಿ ಓದಿದವಳು
ನವೆಂಬರ್ 21, ರಾತ್ರಿ 9.45

ಇದು ಬೇರೆಯೇ ಕಾಯಿಲೆ, ಮದ್ದೂ ಬೇರೆ. ಮೂರು ಲೆಕ್ಕ ಕೊಡುತ್ತೇನೆ, ನಮ್ಮೂರಿನ ಅಡಿಕೆ ಮರದ್ದೇ.

ಒಂದು: ನೆಟ್ಟಗೆ ನಿಲ್ಲಿಸಿದ 5 ಅಡಿ ಕೋಲಿನ ನೆರಳು 3 ಅಡಿ. ಅದೇ ಹೊತ್ತಿಗೆ ಮರದ ನೆರಳು 24 ಅಡಿ. ಮರದ ಎತ್ತರ ಎಷ್ಟು?

ಎರಡು: ಮರದ ಬುಡದಿಂದ 40 ಅಡಿ ದೂರದಲ್ಲಿ ನೆಲದಿಂದ ನೋಡಿದರೆ ತುದಿಯ ಉನ್ನತ ಕೋನ 45 ಡಿಗ್ರಿ. ಎತ್ತರ ಎಷ್ಟು?

ಮೂರು: ಮರದ ತುದಿಯಿಂದ ನೆಲಕ್ಕೆ ಬಿಗಿಯಾಗಿ ಎಳೆದು ಕಟ್ಟಿದ ಹಗ್ಗ 50 ಅಡಿ. ಗೂಟ ಬುಡದಿಂದ 30 ಅಡಿ ದೂರದಲ್ಲಿದೆ. ಎತ್ತರ ಎಷ್ಟು?

ಮೂರಕ್ಕೂ ಉತ್ತರ 40 ಅಡಿ. ಆದರೆ ಮೊದಲನೆಯದು ಸಮರೂಪ ತ್ರಿಭುಜ, ಎರಡನೆಯದು ತ್ರಿಕೋನಮಿತಿ, ಮೂರನೆಯದು ಪೈಥಾಗೊರಸ್. ಪಾಠದ ಕೊನೆಯಲ್ಲಿ ಮಾಡುವಾಗ ಪಾಠದ ಹೆಸರೇ ನಿನಗೆ ಸೂತ್ರ ಹೇಳಿಕೊಡುತ್ತದೆ. ನೀನು ಕೂಡುವುದು, ಗುಣಿಸುವುದು ಮಾತ್ರ ಅಭ್ಯಾಸ ಮಾಡುತ್ತಿದ್ದೀಯ. ಯಾವ ದಾರಿ ಹಿಡಿಯಬೇಕು ಅನ್ನುವುದನ್ನು ಒಂದು ಸಲವೂ ಅಭ್ಯಾಸ ಮಾಡಿಲ್ಲ. ಪರೀಕ್ಷೆ ಕೇಳುವುದು ಅದನ್ನೇ.

ಹಾಗಾಗಿ ಲೆಕ್ಕ ಕಲಸು. ಬೇರೆ ಬೇರೆ ಪಾಠದಿಂದ ಒಂದೊಂದು ಎತ್ತಿ ಚೀಟಿಯಲ್ಲಿ ಬರೆದು ಡಬ್ಬಕ್ಕೆ ಹಾಕು, ದಿನಾ ಐದು ತೆಗೆ. 2007ರಲ್ಲಿ ರೋರರ್ ಮತ್ತು ಟೇಲರ್ ಇದನ್ನು ಪರೀಕ್ಷಿಸಿದರು. ಅಭ್ಯಾಸ ಮಾಡುವಾಗ ಒಂದೇ ಬಗೆ ಲೆಕ್ಕವನ್ನು ಸಾಲಾಗಿ ಮಾಡಿದವರಿಗೆ 89% ಸರಿ, ಕಲಸಿ ಮಾಡಿದವರಿಗೆ 60%. ವಾರದ ನಂತರ ಪರೀಕ್ಷೆಯಲ್ಲಿ ಸಾಲಾಗಿ ಮಾಡಿದವರಿಗೆ 20%, ಕಲಸಿದವರಿಗೆ 63%. ಮೊದಮೊದಲು ತಪ್ಪು ಜಾಸ್ತಿ ಬರುತ್ತದೆ. ಹೆದರಬೇಡ.

ಹೊಸನಗರದ ಅಮ್ಮ
ನವೆಂಬರ್ 21, ರಾತ್ರಿ 10.20

ಡಬ್ಬ ನಾವೂ ಮಾಡುತ್ತೇವೆ. ಹಳೇ ಹಾರ್ಲಿಕ್ಸ್ ಬಾಟಲಿ ಇದೆ.

ತುಂಗಾ ದಂಡೆ
ನವೆಂಬರ್ 22, ಬೆಳಗ್ಗೆ 7.40

ಇಷ್ಟೆಲ್ಲ ಬೇಕಾ? ಶಾಲೆಯಲ್ಲಿ ಪಾಸಿಂಗ್ ಪ್ಯಾಕೇಜ್ ಕೊಡುತ್ತಾರಲ್ಲ. ಗ್ಯಾರಂಟಿ ಪ್ರಶ್ನೆ, ಗ್ಯಾರಂಟಿ ಚಿತ್ರ. ಅದನ್ನು ಉರು ಹೊಡೆದರೆ ಮುಗಿಯಿತು.

ಸಾಗರದ ಹಳೇ ಮೇಷ್ಟ್ರು
ನವೆಂಬರ್ 22, ಬೆಳಗ್ಗೆ 9.30

ಪ್ಯಾಕೇಜ್ ನಾನೂ ಬರೆದುಕೊಟ್ಟಿದ್ದೇನೆ, ಅದರ ಮೇಲೆ ಸಿಟ್ಟಿಲ್ಲ. ಮುಳುಗುವವನಿಗೆ ಹಗ್ಗ ಬೇಕು. ಆದರೆ ಹಗ್ಗ ಹಿಡಿದವನು ಈಜು ಕಲಿತ ಅನ್ನಬೇಡಿ. ಪಿಯುಸಿಗೆ ಹೋದ ಮೇಲೆ ಗೊತ್ತಾಗುತ್ತದೆ.

2024 ನೆನಪಿದೆಯಾ? ಆ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ರಾಜ್ಯದ ಫಲಿತಾಂಶ ಹಿಂದಿನ ವರ್ಷದ 83.89%ರಿಂದ 73.40%ಕ್ಕೆ ಬಿತ್ತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ನಮ್ಮ ಶಿವಮೊಗ್ಗ ಜಿಲ್ಲೆ ಆ ವರ್ಷ ಮೂರನೇ ಸ್ಥಾನದಲ್ಲಿ ನಿಂತಿತು. ಹೆಮ್ಮೆ ಪಟ್ಟೆವು. ಆದರೆ ಪಕ್ಕದ ಬೆಂಚಿನ ಸಹಾಯ ನಂಬಿ ಕೂತವರ ಗತಿ ಏನಾಯಿತು ಅಂತ ಎಲ್ಲ ಊರಿನ ಮೇಷ್ಟ್ರಿಗೂ ಗೊತ್ತು.

ಮಂಡಳಿಯ ವೆಬ್‌ಸೈಟಿನಲ್ಲಿ ಮಾದರಿ ಪ್ರಶ್ನೆಪತ್ರಿಕೆ ಸಿಗುತ್ತದೆ, ಪುಕ್ಕಟೆ. ಅದನ್ನು ಉತ್ತರ ಪಕ್ಕದಲ್ಲಿಟ್ಟುಕೊಂಡು ಓದುವವರೇ ಜಾಸ್ತಿ. ಗಡಿಯಾರ ಇಟ್ಟು, ಕೂತು, ಬರೆದು ಮುಗಿಸಿ, ಆಮೇಲೆ ಕೀ ಉತ್ತರ ತೆಗೆದು ತಾನೇ ಕೆಂಪು ಪೆನ್ನು ಹಿಡಿಯಬೇಕು. ವಾರಕ್ಕೆ ಒಂದು ಸಾಕು.

ಹೊಸನಗರದ ಅಮ್ಮ
ಜನವರಿ 24, ರಾತ್ರಿ 9.15

ಎರಡು ತಿಂಗಳು ಈ ಕಡೆ ಬರಲಾಗಲಿಲ್ಲ. ಕೊಯ್ಲು, ಬೇಯಿಸುವುದು, ಒಣಗಿಸುವುದು, ಕೈಯ ಚೊಗರು ಇನ್ನೂ ಹೋಗಿಲ್ಲ.

ಮೊದಲ ಪೂರ್ವಸಿದ್ಧತಾ ಪರೀಕ್ಷೆಯ ಪೇಪರ್ ಕೊಟ್ಟರು. ವಿಜ್ಞಾನ 80ಕ್ಕೆ 46. ಗಣಿತ 39. ಗಣಿತಕ್ಕೆ ಡಿಸೆಂಬರ್ ಪೂರ್ತಿ ಬಾಟಲಿಯಿಂದ ಚೀಟಿ ತೆಗೆದು ತಪ್ಪು ಮಾಡಿದ್ದೇ ಮಾಡಿದ್ದು. ಎರಡು ಸಲ ಬಾಟಲಿಯನ್ನು ಅಟ್ಟಕ್ಕೆ ಹಾಕಿದ, ನಾನು ಮತ್ತೆ ಇಳಿಸಿದೆ. ಇಂಗ್ಲಿಷ್ ಮಾತ್ರ ಇದ್ದಲ್ಲೇ ಇದೆ, ಒಂದು ಅಂಕ ಕಮ್ಮಿಯೇ ಆಗಿದೆ.

ಓದುವುದು ಈಗ ಮೂರು ತಾಸು. ಹತ್ತಕ್ಕೆ ದೀಪ ಆರಿಸುತ್ತೇವೆ. ಮೊದಲ ವಾರ ನನಗೇ ನಿದ್ದೆ ಬರಲಿಲ್ಲ, ಇಷ್ಟು ಬೇಗ ಮಲಗಿಸಿ ತಪ್ಪು ಮಾಡುತ್ತಿದ್ದೇನಾ ಅಂತ.

ಮನೆಯವರು ಏನೂ ಒಪ್ಪಿಕೊಂಡಿಲ್ಲ, ಅಂಕ ಕೇಳಿ "ಹ್ಞೂಂ" ಅಂದರು ಅಷ್ಟೆ. ಆದರೆ ನಿನ್ನೆ ರಾತ್ರಿ ಅಡಿಕೆ ಆರಿಸುತ್ತಾ, "ಅಪ್ಪೀ, ಆ ಕರೆಂಟಿನ ಪಾಠದಲ್ಲಿ ಎಂತದೋ ಇತ್ತಲ್ಲ, ಬಲ್ಬನ್ನು ಸಾಲಾಗಿ ಕಟ್ಟಿದರೆ ಒಂದು ಹೋದರೆ ಎಲ್ಲ ಹೋಗುತ್ತೆ ಅಂತ. ಅದ್ಯಾಕೆ?" ಅಂದರು. ಇವನು ನೆಲದ ಮೇಲೆ ಬರೆಯಲು ಸೀಮೆಸುಣ್ಣ ಹುಡುಕಿದ, ಸಿಗಲಿಲ್ಲ, ಇದ್ದಿಲು ತಂದ. ನೆಲ ಒರೆಸುವವಳು ನಾನೇ, ಇರಲಿ.

ಇಂಗ್ಲಿಷ್‌ಗೆ ಏನು ಮಾಡುವುದು, ಗೊತ್ತಿದ್ದವರು ಹೇಳಿ. ಪದ್ಯ ಬಾಯಿಗೆ ಬರುತ್ತದೆ, ಪತ್ರ ಬರೆ ಅಂದರೆ ಮೂರನೇ ಸಾಲಿಗೆ ನಿಲ್ಲುತ್ತಾನೆ.

ಹತ್ತು ಬಿ
ಜನವರಿ 24, ರಾತ್ರಿ 9.40

ಆಂಟಿ, ಪತ್ರಕ್ಕೆ ನಾವು ನಾಲ್ಕು ಜನ ಗೆಳತಿಯರು ಒಬ್ಬರಿಗೊಬ್ಬರು ನಿಜವಾಗಿಯೂ ಬರೆಯುತ್ತಿದ್ದೇವೆ, ಬಸ್ಸಿನಲ್ಲಿ ಕೊಡುತ್ತೇವೆ. ತಪ್ಪು ಎಷ್ಟಿದೆ ಅಂದರೆ ಓದಿ ನಗುವುದೇ ಆಗಿದೆ. ಅವನಿಗೂ ಯಾರಾದರೂ ಬರೆಯುವವರು ಬೇಕಷ್ಟೆ.